ಕಳೆದುಹೋದವರಿಗಾಗಿ ಚೌಕಾಸಿ

ಆ ಇಂಗ್ಲಿಷ್ ಕಾದಂಬರಿಗೆ ನಾನು ಕೊಟ್ಟದ್ದು ಐವತ್ತು ಸೆಂಟು. ಹೇಳಿದ ಬೆಲೆ ಎರಡು ಡಾಲರ್. ಒಂದೂವರೆ ಡಾಲರ್ ಹೇಗೆ ಇಳಿಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಮ್ಮ ಮನೆಯಲ್ಲಿ ಆದದ್ದಕ್ಕೆಲ್ಲ ಆ ಒಂದೂವರೆ ಡಾಲರೇ ಕಾರಣ. ನಮ್ಮ ಹತ್ತಿರದ ಮರ್ಸರ್ ಐಲ್ಯಾಂಡಿನಲ್ಲಿ ಒಬ್ಬ ಅಜ್ಜಿ ದೊಡ್ಡ ಮನೆ ಬಿಟ್ಟು ಸಣ್ಣದಕ್ಕೆ ಹೋಗುವವರಿದ್ದರು; ಶನಿವಾರ ಗ್ಯಾರೇಜಿನ ಮುಂದೆ ಸಾಮಾನು ಹರಡಿ ಮಾರಾಟಕ್ಕಿಟ್ಟಿದ್ದರು. ನಾನು ಹೋದದ್ದು ಕುರ್ಚಿಗೆ. ಕುರ್ಚಿ ಹಿಡಿಸಲಿಲ್ಲ. ಬರಿಗೈಯಲ್ಲಿ ವಾಪಸಾಗುವುದು ನನ್ನ ಜಾಯಮಾನದಲ್ಲಿಲ್ಲವಾದ್ದರಿಂದ ಪುಸ್ತಕದ ಪೆಟ್ಟಿಗೆಗೆ ಕೈ ಹಾಕಿದೆ. ಮೇಲೆಯೇ ಒಂದು ದಪ್ಪ ಪುಸ್ತಕ: ಹೊದಿಕೆಯ ಮೇಲೆ ಟೋಪಿ ಹಾಕಿದ ಕುದುರೆ ಸವಾರ, ಹಿಂದೆ ಹಿಮದ ಬೆಟ್ಟ. ನಾನು ಯಾವ ಮಾಲನ್ನೂ ಮುಂದಿನಿಂದ ನೋಡುವುದಿಲ್ಲ, ತಿರುಗಿಸಿ ಬೆನ್ನು ನೋಡುತ್ತೇನೆ. ಬೆನ್ನು ಕಿತ್ತುಬಂದಿತ್ತು, ಕೊನೆಯ ಹತ್ತಿಪ್ಪತ್ತು ಹಾಳೆ ಇರಲೇ ಇಲ್ಲ. ಒಳಗೊಳಗೇ ಖುಷಿಯಾಯಿತು. ದೋಷವಿಲ್ಲದ ವಸ್ತುವಿನ ಜೊತೆ ಚೌಕಾಸಿ ಮಾಡುವುದು ಗೋಡೆಯ ಜೊತೆ ಮಾತಾಡಿದ ಹಾಗೆ. ಅಜ್ಜಿಗೆ ಹರಿದ ಜಾಗ ತೋರಿಸಿ, ತುಸು ನಿಟ್ಟುಸಿರು ಬಿಟ್ಟು, ಪುಸ್ತಕ ಕೆಳಗಿಟ್ಟು, ಎರಡು ಹೆಜ್ಜೆ ನಡೆದೆ. ಮೂರನೆಯ ಹೆಜ್ಜೆಗೆ ಅವರು ಐವತ್ತು ಸೆಂಟು ಎಂದರು.

ನನಗೆ ಆ ಕಾದಂಬರಿ ಬೇಕಿತ್ತೇ ಎಂದು ನೀವು ಕೇಳಬಹುದು. ಹೆಂಡತಿ ಗಿರಿಜಾ ಕೇಳಿದಳು. ಬೇಕಿರಲಿಲ್ಲ. ಆದರೆ ಬೆಲೆ ಅಷ್ಟು ಇಳಿದ ಮೇಲೆ ಬಿಟ್ಟು ಬರುವುದು ಇಳಿಸಿದವರಿಗೆ ಅವಮಾನ ಮಾಡಿದಂತೆ. ನಾನು ಅರಸೀಕೆರೆಯ ಪಾತ್ರೆ ಅಂಗಡಿಯೊಂದರಲ್ಲಿ ಸ್ಟೀಲ್ ಲೋಟ ಒರೆಸುತ್ತ ಸಂಜೆ ಕಾಲೇಜು ಓದಿದವನು. ಅಲ್ಲಿ ನಾಲ್ಕು ವರ್ಷ ಹೆಂಗಸರು ಕೊಳದಪ್ಪಲೆಯನ್ನು ಬೆರಳಲ್ಲಿ ತಟ್ಟಿ, ಸದ್ದು ಸರಿಯಿಲ್ಲ ಎಂದು ಬೆಲೆ ಇಳಿಸುವುದನ್ನು ನೋಡಿದ್ದೇನೆ. ಆ ವಿದ್ಯೆಯೇ ಮುಂದೆ ನನ್ನ ಅನ್ನಕ್ಕೆ ದಾರಿಯಾಯಿತು. ಈಗ ಡೌನ್‌ಟೌನ್ ಬೆಲ್ವ್ಯೂದ ಎತ್ತರದ ಕಟ್ಟಡವೊಂದರಲ್ಲಿ ಕೂತು ಕಂಪನಿಗೆ ಬೇಕಾದ ಕುರ್ಚಿ, ಕಾಫಿ ಯಂತ್ರ, ಸಾಫ್ಟ್‌ವೇರ್ ಲೈಸೆನ್ಸು ಎಲ್ಲಕ್ಕೂ ಬೆಲೆ ಇಳಿಸುವುದೇ ನನ್ನ ಕೆಲಸ. ತಟ್ಟಿ ನೋಡುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಅದೇ.

ಆ ಹೊತ್ತಿಗೆ ನಮ್ಮ ಅತ್ತೆ, ಅಂದರೆ ಗಿರಿಜಾಳ ತಾಯಿ, ರಾಣೆಬೆನ್ನೂರಿನಿಂದ ಬಂದು ಮೂರು ತಿಂಗಳಾಗಿತ್ತು. ನಾವಿರುವ ಸಮಾಮಿಶ್‌ನಲ್ಲಿ ಕಾರಿಲ್ಲದವರಿಗೆ ಕಾಲೂ ಇಲ್ಲ. ಅತ್ತೆ ಒಂದು ಜಾಗದಲ್ಲಿ ಕೂರುವ ಹೆಂಗಸಲ್ಲ. ಬೆಳಿಗ್ಗೆ ಮನೆಯ ಸುತ್ತ ಎಂಟು ಸುತ್ತು, ಮಧ್ಯಾಹ್ನ ಅಡುಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಮಹಡಿಗೆ. ಊರಿಂದ ತಂದ ಎರಡು ಪುಸ್ತಕಗಳಲ್ಲಿ ಒಂದನ್ನು ವಿಮಾನದಲ್ಲೇ ಮುಗಿಸಿದ್ದರು, ಇನ್ನೊಂದನ್ನು ಮೊದಲ ವಾರದಲ್ಲಿ. ಊರಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಾವ ಪತ್ತೇದಾರಿ ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದರಂತೆ, ಇವರು ಸೊಪ್ಪು ಸೋಸುತ್ತ ಕೇಳುತ್ತಿದ್ದರಂತೆ. ಮಾವ ಹೋದ ಮೇಲೆ ಅದು ನಿಂತಿತ್ತು. ಹೀಗಾಗಿ ನನ್ನ ಕೈಯಲ್ಲಿ ಕುದುರೆಯ ಪುಸ್ತಕ ಕಂಡದ್ದೇ, ನಿಮ್ಮ ಈ ದೇಶದ ಕಥೀನರ ಒಂದು ಓದಿ ಹೇಳ್ರಿ ಎಂದು ಕೂತರು. ವಾರದಲ್ಲಿ ಮೂರು ದಿನ ನನಗೆ ಮನೆಯಿಂದಲೇ ಕೆಲಸ. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಓದಿ, ಅಲ್ಲೇ ಕನ್ನಡ ಮಾಡಿ ಹೇಳುವುದೆಂದು ಒಪ್ಪಂದವಾಯಿತು. ಪ್ರತಿಯಾಗಿ ನಾನು ವಾರಕ್ಕೆರಡು ಸಲ ಬದನೆಕಾಯಿ ಎಣ್ಣೆಗಾಯಿ ಕೇಳಿ ಪಡೆದೆ.

ಕಥೆ ಇಷ್ಟು. ಬೆಟ್ಟದ ಕೆಳಗಿನ ಒಂದು ಊರಿನಿಂದ ನಾಲ್ಕು ಜನ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ: ಶಾಲೆಯ ಮೇಡಂ, ಅವಳ ಗಂಡ, ಗಂಡನ ತಮ್ಮ, ಒಬ್ಬ ಮುದಿ ಅಡುಗೆಯವನು. ಕಣಿವೆ ದಾಟುವಾಗ ಹಿಮ ಬೀಳುತ್ತದೆ. ಆಚೆ ಊರಿಗೆ ಗಾಡಿ ತಲುಪುವುದಿಲ್ಲ. ಅವರನ್ನು ಹುಡುಕಲು ಜೆಡ್ ಎಂಬ ಒಬ್ಬ ಒಂಟಿ ಮನುಷ್ಯ ಕುದುರೆ ಏರುತ್ತಾನೆ. ಅತ್ತೆಗೆ ಜೆಡ್ ಎಂಬುದು ಹೆಸರು ಎನ್ನಿಸಲಿಲ್ಲ, ಎರಡನೇ ದಿನಕ್ಕೆ ಅವನು ಜಡೆಪ್ಪನಾದ. ಕಾಣೆಯಾದ ತಮ್ಮನ ಹೆಸರು ಟಾಮಿ. ಅದಕ್ಕೆ ಅವರು ಬಿಲ್‌ಕುಲ್ ಒಪ್ಪಲಿಲ್ಲ. ಟಾಮಿ ಅಂತ ನಾಯಿಗೆ ಇಡ್ತಾರ, ಮನಶ್ಯಾಗ ಇಡ್ತಾರೇನ್ರಿ ಎಂದು ಕೇಳಿ, ಅವನನ್ನು ತಮ್ಮ ಎಂದು ಕರೆಯತೊಡಗಿದರು. ಟಾಮಿಗೂ ತಮ್ಮನಿಗೂ ಸದ್ದಿನಲ್ಲಿ ಹೆಚ್ಚು ದೂರವಿಲ್ಲ, ಹೇಗೂ ಅವನು ಕಥೆಯಲ್ಲಿ ತಮ್ಮನೇ. ನನಗೂ ನಾಲಿಗೆಗೆ ಹಗುರವಾಯಿತು. ಆಮೇಲೆ ನಾನೂ ತಮ್ಮ ಎಂದೇ ಓದಿದೆ.

ಇನ್ನೊಂದು ತಪ್ಪು ಪೂರ್ತಿ ನನ್ನದು. ಗಾಡಿ ಹೊರಡುವಾಗ ಆ ಟಾಮಿ ಊರಿನವರಿಗೆ ಬರೀ "ಸೋ ಲಾಂಗ್" ಎನ್ನುತ್ತಾನೆ, ವಾಪಸು ಬರುತ್ತೇನೆಂಬ ಮಾತು ಅದರಲ್ಲಿಲ್ಲ. ನಾನು ಯೋಚಿಸದೆ "ಹೋಗಿ ಬರ್ತೀನಿ" ಎಂದುಬಿಟ್ಟೆ. ಬಾಗಿಲಲ್ಲಿ ನಿಂತವನ ಬಾಯಿಂದ ಕನ್ನಡದಲ್ಲಿ ಬೇರೇನು ಬರುತ್ತದೆ ಹೇಳಿ. ಅತ್ತೆ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ, ಹಂಗಂದಾನೇನು ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಹೌದು ಎಂದೆ.

ಅಲ್ಲಿಂದ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗದಂತಾಯಿತು. ನಾನು ಪುಸ್ತಕ ಓದಿ ಬೆಳೆದವನಲ್ಲ. ಹುಡುಕಾಟದ ಕಥೆ ಮೈಗೆ ತುರಿಕೆಯಂತೆ ಹತ್ತುತ್ತದೆ ಎಂದು ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಯಾರೋ ಕಾಫಿ ಯಂತ್ರದ ರಿಪೇರಿ ಕರಾರು ವಿವರಿಸುತ್ತಿದ್ದರೆ ನಾನು ಕಿಟಕಿಯಾಚೆ ಬೆಟ್ಟದ ಹಿಮ ನೋಡುತ್ತ, ಗಾಡಿಯ ಚಕ್ರದ ಗುರುತು ಎಷ್ಟು ದಿನ ಉಳಿದೀತು ಎಂದು ಲೆಕ್ಕ ಹಾಕುತ್ತಿದ್ದೆ. ಕಾರು ಓಡಿಸುವಾಗಲೂ ಅದೇ. ಅತ್ತೆಯಂತೂ ನಾನು ಆಫೀಸಿಗೆ ಹೋದ ದಿನ ಮಧ್ಯಾಹ್ನ ಫೋನ್ ಮಾಡಿ ಜಡೆಪ್ಪ ಎಲ್ಲಿತನಕ ಬಂದ ಎಂದು ಕೇಳುತ್ತಿದ್ದರು. ನಾನು ಓದದೆ ಅವನು ಬರುವುದಿಲ್ಲ ಎಂದರೆ ಅವರಿಗೆ ಸಮಾಧಾನವಿಲ್ಲ. ಹದಿನೈದು ವರ್ಷದ ಮಗಳು ಅನಘಾ ಒಂದು ದಿನ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ, "ಅಜ್ಜಿ, ಇಟ್ಸ್ ಜಸ್ಟ್ ಎ ಸ್ಟೋರಿ" ಎಂದಳು. ಅದಕ್ಕೆ ಅಜ್ಜಿ, "ಕಥಿಯಾಗ ಕಳಕೊಂಡ್ರೂ ಕಳಕೊಂಡಂಗನ ಐತಿ, ಬಾಗಿಲಾ ಹಾಕು, ತಣ್ಣಗಿಂದೆಲ್ಲಾ ಹೊರಗ ಬರಾಕತ್ತೈತಿ" ಎಂದರು.

ಕೊನೆಗೆ ಹರಿದ ಜಾಗ ಬಂತು. ಊರಿನ ಹಿರಿಯರು ಜೆಡ್‌ನನ್ನು ಕರೆದು, ಹುಡುಕಿದ್ದು ಸಾಕು, ಇನ್ನು ಬಿಟ್ಟುಬಿಡು ಎನ್ನುತ್ತಾರೆ. ಅವನು ಕುದುರೆಯ ಜೀನು ಬಿಗಿಯುತ್ತಾನೆ. ಅಲ್ಲಿಗೆ ಹಾಳೆಗಳು ಮುಗಿದವು. ಆಫೀಸಿನಲ್ಲಿ ತುರ್ತು ಕೆಲಸವಿದೆ ಎಂದು ಎರಡು ದಿನ ತಪ್ಪಿಸಿಕೊಂಡೆ. ಲೈಬ್ರರಿಯಲ್ಲಿ ವಿಚಾರಿಸಿದರೆ ಆ ಪುಸ್ತಕ ಅವರ ಬಳಿ ಎಂದೂ ಇರಲಿಲ್ಲ. ಅಂತರ್ಜಾಲದಲ್ಲಿ ಒಂದೇ ಒಂದು ಪ್ರತಿ, ಅರವತ್ತು ಡಾಲರ್, ಕಳಿಸುವ ಖರ್ಚು ಬೇರೆ. ಐವತ್ತು ಸೆಂಟಿನ ವಸ್ತುವಿಗೆ ಅರವತ್ತು ಡಾಲರ್ ಕೊಟ್ಟರೆ ಅರಸೀಕೆರೆಯ ಆ ಅಂಗಡಿಯ ಮುಂದೆ ನಾನು ಮತ್ತೆ ಹೇಗೆ ಹಾದುಹೋಗಲಿ. ಸರಿ, ಮರ್ಸರ್ ಐಲ್ಯಾಂಡಿಗೇ ಹೋದೆ. ಆ ಅಜ್ಜಿ ಇನ್ನೂ ಡಬ್ಬ ಕಟ್ಟುತ್ತಿದ್ದರು. ಹರಿದ ಹಾಳೆಗಳು ಸಿಗಲಿಲ್ಲ, ಆದರೆ ಪುಸ್ತಕ ಓದಿದ್ದೇನೆ ಎಂದರು. ನಾಲ್ವರು ಸಿಗುತ್ತಾರೋ ಇಲ್ಲವೋ ಎಂದು ಕೇಳಿದೆ. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು, ಮನುಷ್ಯರದ್ದು ನೆನಪಿಲ್ಲ, ಕುದುರೆಗೆ ಮಾತ್ರ ಏನೂ ಆಗುವುದಿಲ್ಲ, ಕುದುರೆ ಸಾಯುವ ಪುಸ್ತಕಗಳನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವುದೇ ಇಲ್ಲ ಎಂದರು.

ಅದೊಂದೇ ಬಂಡವಾಳ ಹಿಡಿದುಕೊಂಡು ಮರುದಿನ ಮಧ್ಯಾಹ್ನ ಅತ್ತೆಯ ಮುಂದೆ ಪುಸ್ತಕ ತೆರೆದು ಕೂತೆ. ಕೊನೆಯ ಭಾಗ ನಾನೇ ಕಟ್ಟಿ ಹೇಳತೊಡಗಿದೆ. ಜಡೆಪ್ಪ ಕಣಿವೆಯಲ್ಲಿ ಹೊಗೆ ಕಂಡ, ಗುಹೆಯಲ್ಲಿ ಮೇಡಂ ಮತ್ತು ಅವಳ ಗಂಡ ಸಿಕ್ಕರು, ಉಳಿದಿಬ್ಬರು ಹಿಮದಲ್ಲಿ ಹೋದರು, ಕುದುರೆ ಕ್ಷೇಮ, ಮುಗಿಯಿತು ಎಂದೆ. ಕುದರಿ ತಗೊಂಡು ನಾ ಏನ್ ಮಾಡ್ಲಿ ಎಂದರು ಅತ್ತೆ. ನಾಲ್ಕು ಮಂದಿ ಹೋಗಿದ್ದವರು ಇಬ್ಬರೇ ಹೇಗೆ ಸಿಕ್ಕರು, ಗಾಡಿಯಲ್ಲಿ ಕಂಬಳಿ ಇತ್ತಲ್ಲ, ಮೂರನೇ ದಿನ ನೀವೇ ಓದಿದಿರಲ್ಲ ಎಂದು ಪಟ್ಟು ಹಿಡಿದರು. ಕಂಬಳಿಯ ಮಾತು ನಿಜ. ನಾನು ಹಿಮ್ಮೆಟ್ಟಿದೆ, ಅಡುಗೆಯವನನ್ನು ಕೊಡಲಿಲ್ಲ, ತಮ್ಮನನ್ನೂ ಕೊಡಲಿಲ್ಲ, ಬದಲಿಗೆ ಮೇಡಂಗೆ ಒಂದು ಮಗು ಕೊಟ್ಟೆ. ಅದನ್ನು ಅವರು ತೆಗೆದುಕೊಂಡರು, ಬೆಲೆ ಮಾತ್ರ ಇಳಿಸಲಿಲ್ಲ. ಅಡುಗೆ ಮಾಡುವವನೂ ಒಬ್ಬ ತಾಯಿಯ ಮಗನಲ್ಲವೇ ಎಂದರು. ಇನ್ನೊಂದು ಹತ್ತು ನಿಮಿಷ ಎಳೆದಾಡಿ ಅಡುಗೆಯವನನ್ನೂ ಬಿಟ್ಟುಕೊಟ್ಟೆ: ಅವನು ಬೆಂಕಿ ಉರಿಸಿಕೊಂಡು ಒಂದು ಬಂಡೆಯ ಮರೆಯಲ್ಲಿ ಬದುಕಿದ್ದ.

ವ್ಯವಹಾರ ಬಲ್ಲವನು ಕೈಯಲ್ಲಿ ಒಂದಾದರೂ ಉಳಿಸಿಕೊಳ್ಳುತ್ತಾನೆ. ಎಲ್ಲವನ್ನೂ ಬಿಟ್ಟರೆ ಎದುರಿಗಿರುವವರು ಮೊದಲ ಬೆಲೆಯೇ ಸುಳ್ಳು ಎಂದುಕೊಳ್ಳುತ್ತಾರೆ. ಕಥೆಗೂ ಒಂದಿಷ್ಟು ದುಃಖ ಬೇಕೆಂದು ಎಲ್ಲೋ ಕೇಳಿದ್ದೆ. ಆದ್ದರಿಂದ ತಮ್ಮನನ್ನು ನಾನು ಉಳಿಸಿಕೊಂಡೆ, ಅಂದರೆ ಸಿಗಗೊಡಲಿಲ್ಲ.

"ತಮ್ಮ ಹೋಗಿ ಬರ್ತೀನಿ ಅಂದಾನಲ್ರಿ, ಅಳಿಯಾರ" ಎಂದರು ಅತ್ತೆ.

ಅಂದಿದ್ದ, ಆದರೆ ಬರಲಿಲ್ಲ, ಏನು ಮಾಡೋಕಾಗುತ್ತೆ ಅತ್ತೆ, ಪುಸ್ತಕದಲ್ಲಿ ಹಾಗಿದೆ ಎಂದೆ. ಅವರು ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಂದು ಸಲ ತೊಳೆಯತೊಡಗಿದರು.

ಗೆದ್ದೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಮರುದಿನ ಮನೆಯ ಸುತ್ತ ಅವರ ಸುತ್ತು ಎಂಟರಿಂದ ಹದಿನಾಲ್ಕಕ್ಕೆ ಏರಿತು. ನಾನು ಫೋನಿನಲ್ಲಿ ಮಾತಾಡುತ್ತ ಎಣಿಸಿದೆ. ಊಟಕ್ಕೆ ಕೂತರೂ ತಟ್ಟೆಯ ಕಡೆ ಗಮನವಿಲ್ಲ. ಮೂರನೇ ದಿನಕ್ಕೆ ನನಗೆ ತಡೆಯಲಾಗದೆ, ಅತ್ತೆ, ಆ ಪುಸ್ತಕದ ಕೊನೆ ಹಾಳೆಗಳೇ ಇಲ್ಲ, ಮುಗಿಸಿದ್ದು ನಾನೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತಪ್ಪೊಪ್ಪಿಕೊಂಡೆ. ಕೋಪ ಮಾಡಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ ಎಂದು ನನ್ನ ಅಂದಾಜು.

"ಗೊತ್ತೈತ್ರಿ. ಅವತ್ತ ನೀವು ಒಂದ್ ಹಾಳೀನೂ ತಿರಿವಿ ಹಾಕಲಿಲ್ಲ" ಎಂದರು. ಆಮೇಲೆ, "ನಿಮ್ ಕೈಯಾಗ ಇತ್ತಲ್ರಿ. ಬದಕಸಬಹುದಿತ್ತಲಾ ಅವನ್ನ" ಎಂದರು.

ನಾನು ಮೂವತ್ತು ವರ್ಷ ಚೌಕಾಸಿ ಮಾಡಿದ್ದೇನೆ. ಅವತ್ತು ಅತ್ತೆಯ ಎದುರಿನಿಂದ ಎದ್ದು ಮಹಡಿ ಹತ್ತಿದೆ.

ವಿಷಯ ಗೊತ್ತಾದದ್ದು ಸಂಜೆ, ಗಿರಿಜಾಳಿಂದ. ಅವಳು ಕಾರು ಗ್ಯಾರೇಜಿಗೆ ಹಾಕುತ್ತಿದ್ದಂತೆ ನಾನು ಬಾಗಿಲಲ್ಲೇ ನಿಂತು ನಡೆದದ್ದೆಲ್ಲ ಹೇಳಿದೆ. ಅವಳು ಇಳಿಯಲೇ ಇಲ್ಲ, ಸ್ಟೇರಿಂಗ್ ಹಿಡಿದುಕೊಂಡೇ ಕೂತಳು. ಮದುವೆಯಾಗಿ ಹದಿನೆಂಟು ವರ್ಷವಾದರೂ ನನಗೆ ಹೇಳಿರದಿದ್ದ ಮಾತೊಂದು ಅವಳ ಮನೆಯಲ್ಲಿತ್ತು. ಅತ್ತೆಗೆ ಬಸವರಾಜ ಅಂತ ಒಬ್ಬ ತಮ್ಮನಿದ್ದ. ಅವನ ಹೆಸರು ಅವರು ಎಂದೂ ಹಿಡಿದು ಕರೆದವರಲ್ಲ, ಬರೀ ತಮ್ಮ. ಇಪ್ಪತ್ತರ ವಯಸ್ಸಿನಲ್ಲಿ ಅಪ್ಪನೊಡನೆ ಬಟ್ಟೆ ಅಂಗಡಿಯ ವಿಷಯಕ್ಕೆ ಜಗಳವಾಗಿ, "ನಾ ಹೊಂಟೆ" ಎಂದು ಚಪ್ಪಲಿ ಮೆಟ್ಟಿದ. ಅದೇ ಊರಲ್ಲಿದ್ದ ತವರಿಗೆ ಬಂದಿದ್ದ ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಒಳಗಿನಿಂದಲೇ, ಹಂಗನಬಾರದು, ಹೋಗಿ ಬರ್ತೀನಿ ಅನ್ನು ಎಂದು ಕೂಗಿ ಹೇಳಿದರು. ಅವನು ಅನ್ನಲಿಲ್ಲ. ಒಂದು ವರ್ಷ ಹುಡುಕಿದ ಮೇಲೆ ಅಪ್ಪ, ಇನ್ನು ಈ ಮನೆಯಲ್ಲಿ ಅವನ ಸುದ್ದಿ ತೆಗೆಯಬಾರದು ಎಂದು ಬಾಯಿ ಮುಚ್ಚಿಸಿದರು. ಅದಾದ ಎಷ್ಟೋ ವರ್ಷಕ್ಕೆ ಅತ್ತೆಯ ಹೆಸರಿಗೆ ಸೊಲ್ಲಾಪುರದಿಂದ ಒಂದು ಅಂಚೆ ಕಾರ್ಡು ಬಂತು: ಆರಾಮ ಇದ್ದೀನಿ. ಕಳಿಸಿದವನ ವಿಳಾಸವಿರಲಿಲ್ಲ, ಊರು ತಿಳಿದದ್ದು ಅಂಚೆಯ ಮುದ್ರೆಯಿಂದ.

"ಅವ್ವನ ಕೈಯಾಗ ಆ ಕಥೀ ಯಾಕ ಕೊಟ್ಟ್ರಿ?" ಎಂದಳು ಗಿರಿಜಾ. ನಾನು ಕೊಟ್ಟದ್ದು ಕುದುರೆಯ ಕಥೆ. ಅವರು ಅದರಲ್ಲಿ ಏನನ್ನು ತೆಗೆದುಕೊಳ್ಳುತ್ತಿದ್ದಾರೆಂದು ತಿಳಿಯದೆ ಇಷ್ಟು ದಿನ ಎದುರಿಗೇ ಕೂತು, ತಮ್ಮ, ತಮ್ಮ ಎಂದು ಗಟ್ಟಿಯಾಗಿ ಓದಿದವನು ನಾನೇ.

ಅತ್ತೆ ಊರಿಗೆ ಹೊರಡಲು ಇನ್ನು ಹನ್ನೆರಡು ದಿನವಿತ್ತು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅವರೇ ಮಾತು ತೆಗೆದರು. ಕುರ್ಚಿ ಎಲ್ಲಿ ಸೋವಿ ಅಂತ ಕಂಪ್ಯೂಟರಿನಲ್ಲಿ ಇಡೀ ದೇಶ ಹುಡುಕುತ್ತೀರಿ, ಒಬ್ಬ ಮನುಷ್ಯನನ್ನು ಹುಡುಕಲು ಬರುವುದಿಲ್ಲವೇ ಎಂದು ಕೇಳಿದರು. ಬರುತ್ತದೆ ಎಂದೆ. ನನಗೆ ಗೊತ್ತಿರುವ ಹುಡುಕಾಟ ಒಂದೇ, ಸರಕು ಪೂರೈಸುವವರನ್ನು ಹುಡುಕುವುದು. ಸೊಲ್ಲಾಪುರವೆಂದರೆ ಚಾದರ, ಬಟ್ಟೆ ಅಂಗಡಿಯಲ್ಲಿ ಬೆಳೆದವನು ಅಲ್ಲಿ ಹೋಗಿ ಬೇರೇನು ಮಾಡಿಯಾನು. ಅಂತರ್ಜಾಲದಲ್ಲಿ ಸಿಕ್ಕ ಚಾದರ ಅಂಗಡಿಗಳ ನಂಬರುಗಳನ್ನೆಲ್ಲ ಬರೆದುಕೊಂಡು, ನಮಗೆ ಬೆಳಿಗ್ಗೆ ಏಳಾದಾಗ ಅಲ್ಲಿ ಇನ್ನೂ ಅಂಗಡಿ ತೆರೆದಿರುವುದರಿಂದ, ದಿನವೂ ಆಫೀಸಿಗೆ ಮುಂಚೆ ಫೋನ್ ಮಾಡತೊಡಗಿದೆ. ನೇರವಾಗಿ ಮನುಷ್ಯನನ್ನು ಕೇಳಿದರೆ ಫೋನ್ ಇಡುತ್ತಿದ್ದರು. ಇನ್ನೂರು ಚಾದರದ ದರ ಕೇಳಿದರೆ ಕುರ್ಚಿ ಎಳೆದುಕೊಂಡು ಕೂತು ಮಾತಾಡುತ್ತಿದ್ದರು. ದರದ ಮಾತಿನ ನಡುವೆ, ನಿಮ್ಮಲ್ಲಿ ರಾಣೆಬೆನ್ನೂರು ಕಡೆಯ ಬಸವರಾಜ ಅಂತ ಯಾರಾದರೂ ಇದ್ದರಾ ಎಂದು ಸೇರಿಸುತ್ತಿದ್ದೆ. ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಕೂರಿ ಎಂದರೆ ಕೂರುತ್ತಿರಲಿಲ್ಲ. ಹನ್ನೊಂದು ಅಂಗಡಿಯಾಯಿತು. ಒಬ್ಬ ವ್ಯಾಪಾರಿಯ ಹತ್ತಿರವಂತೂ ನಾನು ಕೊಳ್ಳದ ಚಾದರಕ್ಕೆ ನೂರಕ್ಕೆ ಹದಿನೆಂಟು ಇಳಿಸಿದೆ.

ಹನ್ನೆರಡನೆಯ ಅಂಗಡಿಯ ಗುಮಾಸ್ತ ಕನ್ನಡದವನು, ಸಿದ್ದಾರಾಮ ಅಂತ. ಊರಾಚೆ ಮಗ್ಗದ ಓಣಿಯಲ್ಲಿ ಅಂಥ ಒಬ್ಬನಿದ್ದ ಎಂದು ಕೇಳಿದ ನೆನಪು, ಭಾನುವಾರ ಹೋಗಿ ನೋಡಿ ಬರುತ್ತೇನೆ, ಆಟೋ ಮತ್ತು ಅರ್ಧ ದಿನದ ಕೆಲಸ ಹಿಡಿದು ಹದಿನೈದು ನೂರು ಆಗುತ್ತದೆ ಎಂದ. ಪರಮಾತ್ಮನ ಆಣೆ, ನಾನು ಯೋಚಿಸಿ ಹೇಳಿದ್ದಲ್ಲ. ಸೀನು ಬಂದ ಹಾಗೆ ಬಾಯಿಂದ ಬಂತು.

"ಎಂಟುನೂರು ಮಾಡ್ಕೊಳ್ಳಿ" ಎಂದೆ.

ಅವನು ಫೋನ್ ಇಟ್ಟ. ನಾನು ತಿರುಗಿ ನೋಡಿದೆ. ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ಇಳಿಸಲು ಹೋದ ಏಳುನೂರು ರೂಪಾಯಿಗೆ ಇಲ್ಲಿ ಈಗ ಎರಡು ಕಾಫಿ ಕುಡಿಯುವಂತಿಲ್ಲ. ನಾನು ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಆರನೆಯ ಸಲಕ್ಕೆ ಎತ್ತಿದ. ಅಣ್ಣಾ, ತಪ್ಪಾಯಿತು, ಹದಿನೈದು ನೂರಲ್ಲ, ಎರಡು ಸಾವಿರ ಕಳಿಸುತ್ತೇನೆ, ದಯವಿಟ್ಟು ಹೋಗಿ ಬಾ ಎಂದೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆಂದು ನಾನು ಬಾಯಿಬಿಟ್ಟದ್ದು ಅದೇ ಮೊದಲು. ಅವನಿಗೆ ಅನುಮಾನ ಬಂದು, ನೀವು ಯಾರು, ಪೊಲೀಸರಾ ಎಂದು ಕೇಳಿದ. ಆಗ ಅತ್ತೆ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ತಮ್ಮಾ, ನಾ ಅವನ ಅಕ್ಕ ಮಾತಾಡಾಕತ್ತೀನಪಾ. ಅಂವಗ ಬಲಗೈ ಕಿರಿಬೆರಳು ಸೊಟ್ಟ ಐತಿ. ಅಷ್ಟ ನೋಡ್ಕೊಂಡ್ ಬಾ, ಸಾಕು" ಎಂದರು. ಸಿದ್ದಾರಾಮ ಹದಿನೈದು ನೂರಕ್ಕೇ ಹೋದ. ಹೆಚ್ಚಿನದು ಬೇಡವೆಂದ.

ಓಣಿಯಲ್ಲಿ ಅವನಿರಲಿಲ್ಲ. ಆದರೆ ಒಬ್ಬ ಮುದುಕ, ಸೊಟ್ಟ ಬೆರಳಿನವನಾ, ಅವನನ್ನು ನಾವು ರಾಣಿ ಅಂತಿದ್ದೆವು, ಎಲ್ಲಿ ಕೂತರೂ ರಾಣೆಬೆನ್ನೂರಿನ ಸುದ್ದಿಯೇ ಹೇಳುತ್ತಿದ್ದ, ಹೆಂಡತಿಯ ಕಡೆಯವರ ಜೊತೆ ಇಚಲಕರಂಜಿಗೆ ಹೋಗಿ ಕೆಲವು ವರ್ಷವಾಯಿತು ಎಂದನಂತೆ. ಅತ್ತೆ ಊರಿಗೆ ವಾಪಸಾದವರು ಪೆಟ್ಟಿಗೆಯನ್ನೂ ಬಿಚ್ಚದೆ, ತಂಗಿಯ ಮಗನನ್ನು ಕರೆದುಕೊಂಡು ಇಚಲಕರಂಜಿಯ ಬಸ್ಸು ಹತ್ತಿದರು.

ಇಂದು ಬೆಳಿಗ್ಗೆ ಅಲ್ಲಿಂದಲೇ ಫೋನ್ ಮಾಡಿದ್ದರು. ಮನೆ ಸಿಕ್ಕಿದೆ. ಅವನ ಹೆಂಡತಿ ಚಹಾ ಕೊಟ್ಟಿದ್ದಾಳೆ. ಗೋಡೆಯ ಮೇಲೆ ಅವನ ಫೋಟೋ ಇದೆ. ಕಿವಿ ಮಾತ್ರ ಥೇಟ್ ನಮ್ಮಪ್ಪಂದ ಎಂದರು. ಆದರೆ ಮನುಷ್ಯ ಮಾಲು ತೆಗೆದುಕೊಂಡು ಸೂರತ್ತಿಗೆ ಹೋಗಿದ್ದಾನೆ, ಬರುವುದು ಗುರುವಾರ. ಅವನಿಗೆ ಫೋನ್ ಮಾಡಿಸಬಹುದಲ್ಲ ಅತ್ತೆ ಎಂದೆ. "ಬ್ಯಾಡ ಅಂದೀನ್ರಿ. ಸುದ್ದಿ ತಿಳದ್ರ ಮತ್ತ ಎಲ್ಲಿಗರ ಹೋದಾನು. ನಾ ಇಲ್ಲೇ ಬಾಗಲದಾಗ ಕುಂತಿರ್ತೀನಿ" ಎಂದರು. ಜೀವಮಾನದಲ್ಲಿ ಒಂದೆಡೆ ಕೂರದ ಹೆಂಗಸು ಗುರುವಾರದವರೆಗೆ ಕೂರುತ್ತೇನೆ ಎನ್ನುತ್ತಿದ್ದಾರೆ.

ಇವತ್ತು ಮಂಗಳವಾರ. ನಾನು ಸಮಾಮಿಶ್‌ನಲ್ಲಿ ನಮ್ಮ ಮನೆಯ ಸುತ್ತ ಹದಿನಾರನೆಯ ಸುತ್ತು ಮುಗಿಸಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಸುಮ್ಮನಿರಲಾಗದೆ ನಿಮಗೆ ನಾಲ್ಕು ಮಾತು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ನಿಮ್ಮ ಮನೆಯಿಂದ ಯಾರಾದರೂ ಹೋಗಿದ್ದರೆ, ಅವರ ರೇಷನ್ ಕಾರ್ಡಿನ ಹೆಸರಿಗಿಂತ ಮೊದಲು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬರೆದಿಟ್ಟುಕೊಳ್ಳಿ. ಮೈಮೇಲಿನ ಗುರುತು ಯಾವುದೆಂದು ಅಕ್ಕತಂಗಿಯರನ್ನು ಕೇಳಿ, ಗಂಡಸರಿಗೆ ಅದು ನೆನಪಿರುವುದಿಲ್ಲ. ಹಳೆಯ ಅಂಚೆ ಕಾರ್ಡಿನಲ್ಲಿ ವಿಳಾಸವಿಲ್ಲದಿದ್ದರೂ ಅಂಚೆಯ ಮುದ್ರೆ ನೋಡಿ. ಆ ಊರಲ್ಲಿ ಏನು ತಯಾರಾಗುತ್ತದೋ ಅದನ್ನು ಮಾರುವವರಿಗೆ ಫೋನ್ ಮಾಡಿ, ಅವರ ಬೆಳಿಗ್ಗೆ ಬೇಡ, ವ್ಯಾಪಾರ ಮುಗಿದು ಕೈಕಾಲು ಚಾಚಿಕೊಂಡ ಹೊತ್ತಿನಲ್ಲಿ ಮಾಡಿ. ಹುಡುಕಲು ಹೊರಟವನು ಕೇಳಿದಷ್ಟು ಕೊಡಿ, ಕೊಟ್ಟ ಮೇಲೆ ಊಟವಾಯಿತೇ ಎಂದು ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಯಲ್ಲಿ ನನ್ನಂಥವನೊಬ್ಬ ಇದ್ದರೆ ನಂಬರು ಹುಡುಕಿಸಿಕೊಳ್ಳಿ, ಲೈನು ಹಚ್ಚಿಸಿಕೊಳ್ಳಿ. ಆ ಕಡೆಯಿಂದ ಹಲೋ ಅಂದ ಕೂಡಲೇ ಫೋನು ಅವನ ಕೈಯಿಂದ ಕಸಿದುಕೊಳ್ಳಿ.